ಎಂಟನೇ ರಾತ್ರಿಯಿಂದ ಶುರುವಾಗುವ ಲೆಕ್ಕ

ಲಿಸ್ಬನ್ ನಗರದಲ್ಲಿ ಹೊರಗಿನಿಂದ ಬಂದು ತಂಗುವವರು ಪ್ರವಾಸಿ ತೆರಿಗೆ ಕಟ್ಟಬೇಕು. ತಲೆಗೆ, ರಾತ್ರಿಗೆ 4 ಯೂರೋ. 2024ರ ಸೆಪ್ಟೆಂಬರ್‌ಗೆ ಮೊದಲು 2 ಯೂರೋ ಇತ್ತು, ಆಮೇಲೆ ದುಪ್ಪಟ್ಟು ಮಾಡಿದರು. ಆದರೆ ಈ ತೆರಿಗೆಗೆ ಒಂದು ಮಿತಿ ಇದೆ. ಏಳು ರಾತ್ರಿ ಕಟ್ಟಿದರೆ ಮುಗಿಯಿತು. ಎಂಟನೇ ರಾತ್ರಿ ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಮಲಗಿದರೂ ತೆರಿಗೆ ಇಲ್ಲ. ರೋಮ್‌ನಲ್ಲಿ ಈ ಮಿತಿ ಹತ್ತು ರಾತ್ರಿ. ವೆನಿಸ್‌ನಲ್ಲಿ ಐದೇ.

ಹಣದ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯವೇನಲ್ಲ. ಆದರೂ ಒಂದು ತಿಂಗಳ ವಿದೇಶವಾಸದ ಖರ್ಚು ಹೇಗೆ ನಡೆಯುತ್ತದೆ ಅನ್ನುವುದು ನನಗೆ ಈ ನಿಯಮದಲ್ಲೇ ಕಾಣುತ್ತದೆ. ಮೊದಲ ವಾರ ನಾವು ಪ್ರವಾಸಿಗರ ಬೆಲೆ ಕೊಡುತ್ತೇವೆ. ಅದು ತಪ್ಪಿದ್ದಲ್ಲ. ಆಮೇಲೆ, ನಾವು ಮನಸ್ಸು ಮಾಡಿದರೆ, ಊರಿನವರು ಕೊಡುವ ಬೆಲೆಯ ಹತ್ತಿರ ಹತ್ತಿರ ಬರಬಹುದು. ಮನಸ್ಸು ಮಾಡದಿದ್ದರೆ ಮೊದಲ ವಾರದ ಬೆಲೆಯನ್ನೇ ನಾಲ್ಕು ಸಲ ಕೊಟ್ಟು ವಾಪಸ್ ಬರುತ್ತೇವೆ.

ಹಾಗಾಗಿ "ಆ ದೇಶ ಅಗ್ಗವಾ, ದುಬಾರಿಯಾ?" ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ಕೊಡಲು ಕಷ್ಟ. ನಾನು ತಿರುಗಿ ಕೇಳುವುದು ಒಂದೇ: ತಿಂಗಳಲ್ಲಿ ಎಷ್ಟು ಊರು ಸುತ್ತುತ್ತೀರಿ? ಅಗ್ಗ ಅನ್ನಿಸಿಕೊಂಡ ದೇಶದಲ್ಲಿ ನಾಲ್ಕು ದಿನಕ್ಕೊಂದು ಊರು ಬದಲಾಯಿಸುವವರ ಖರ್ಚು, ದುಬಾರಿ ದೇಶದ ಒಂದೇ ಊರಲ್ಲಿ ನೆಲೆಯೂರಿ ಕೂತವರ ಖರ್ಚನ್ನು ಸುಲಭವಾಗಿ ದಾಟಿಬಿಡಬಹುದು. ಬಸ್ಸು, ರೈಲಿನ ಟಿಕೆಟ್ ಅಂತೂ ಕಣ್ಣಿಗೆ ಕಾಣುತ್ತದೆ. ಕಾಣದಿರುವ ಖರ್ಚು ಬೇರೆ ಇದೆ. ಪ್ರತಿ ಹೊಸ ಊರಲ್ಲೂ ಮೊದಲ ದಿನ ಟ್ಯಾಕ್ಸಿ ಹಿಡಿಯುತ್ತೇವೆ, ಯಾಕೆಂದರೆ ಬಸ್ ನಂಬರ್ ಗೊತ್ತಿಲ್ಲ. ಮೊದಲ ಊಟ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಮಾಡುತ್ತೇವೆ, ಯಾಕೆಂದರೆ ಹಸಿವಾಗಿದೆ, ಹೆಗಲ ಮೇಲೆ ಬ್ಯಾಗ್ ಇದೆ. ಅಡುಗೆಮನೆ ಇರುವ ಮನೆ ಸಿಕ್ಕರೂ ಎಣ್ಣೆ, ಉಪ್ಪು, ಸಕ್ಕರೆ, ಪಾತ್ರೆ ತೊಳೆಯುವ ಸೋಪು ಎಲ್ಲ ಹೊಸದಾಗಿ ಕೊಳ್ಳಬೇಕು. ಅರ್ಧ ಬಾಟಲಿ ಎಣ್ಣೆ ಅಲ್ಲೇ ಬಿಟ್ಟು ಮುಂದಿನ ಊರಿಗೆ ಹೋಗುತ್ತೇವೆ. ಅಲ್ಲಿ ಮತ್ತೆ ಪೂರ್ತಿ ಬಾಟಲಿ. ಒಂದೇ ಕಡೆ ಇದ್ದರೆ ಇದೆಲ್ಲ ಒಂದೇ ಸಲ.

ಹೊರಡುವ ಮುಂಚೆ ಎಲ್ಲರೂ ಇಂಟರ್ನೆಟ್ಟಿನಲ್ಲಿ ಖರ್ಚಿನ ಅಂದಾಜು ನೋಡುತ್ತಾರೆ. ನಾನೂ ನೋಡುತ್ತೇನೆ. ನಂಬಿಯೋ (Numbeo) ಎಂಬಂಥ ತಾಣಗಳು ಒಳ್ಳೆಯ ಕೆಲಸ ಮಾಡುತ್ತಿವೆ. ಆಯಾ ಊರಿನ ಜನರೇ ಹಾಲು, ಮೊಟ್ಟೆ, ಬಸ್ ಟಿಕೆಟ್ಟಿನ ಬೆಲೆ ತುಂಬುತ್ತಾರೆ, ಅದರ ಸರಾಸರಿ ನಮಗೆ ಸಿಗುತ್ತದೆ. ಹಾಲು ಮೊಟ್ಟೆಯ ಮಟ್ಟಿಗೆ ಅದನ್ನು ನಂಬಬಹುದು. ಬಾಡಿಗೆಯ ಸಾಲಿನಲ್ಲಿ ಮಾತ್ರ ಹುಷಾರಾಗಿರಬೇಕು. ಅಲ್ಲಿರುವುದು ಊರಿನವರ ಬಾಡಿಗೆ. ವರ್ಷದ ಕರಾರು, ಮುಂಗಡ, ಸಂಬಳದ ಚೀಟಿ, ಕೆಲವೊಮ್ಮೆ ಜಾಮೀನು ನಿಲ್ಲುವವರು, ಇಷ್ಟೆಲ್ಲ ತೋರಿಸಿದವರಿಗೆ ಸಿಗುವ ಬೆಲೆ ಅದು. ಒಂದು ತಿಂಗಳಿಗೆ ಬರುವವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ನಮಗೆ ಸಿಗುವುದು ಮಂಚ, ಫ್ರಿಜ್ಜು, ವೈಫೈ ಎಲ್ಲ ಇರುವ ಮನೆ. ಖಾಲಿ ಬಿದ್ದ ದಿನಗಳ ನಷ್ಟವನ್ನೂ, ಶುಚಿ ಮಾಡುವವರ ಕೂಲಿಯನ್ನೂ, ಬುಕಿಂಗ್ ತಾಣದ ಕಮಿಷನ್ನನ್ನೂ ಮಾಲೀಕರು ಅದರಲ್ಲೇ ಸೇರಿಸಿರುತ್ತಾರೆ. ಅದು ತಪ್ಪೂ ಅಲ್ಲ. ಆದರೆ ಖರ್ಚಿನ ಅಂದಾಜಿನ ತಾಣದಲ್ಲಿ ಕಂಡ ಬಾಡಿಗೆಯನ್ನೇ ನಂಬಿಕೊಂಡು ಹೊರಟರೆ ಬಜೆಟ್ ಮೊದಲ ದಿನವೇ ಮುರಿಯುತ್ತದೆ.

ಬಾಡಿಗೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಖ್ಯೆ 28. ಏರ್‌ಬಿಎನ್‌ಬಿಯಲ್ಲಿ ಮಾಲೀಕರು ಇಡುವ ತಿಂಗಳ ರಿಯಾಯಿತಿ 28 ರಾತ್ರಿಗಳಿಂದ ಅನ್ವಯವಾಗುತ್ತದೆ. ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಅನ್ನುವುದು ಮಾಲೀಕರಿಗೆ ಬಿಟ್ಟದ್ದು. ರಿಯಾಯಿತಿ ದೊಡ್ಡದಿದ್ದ ಕಡೆ 25 ರಾತ್ರಿಯ ಮೊತ್ತಕ್ಕಿಂತ 28 ರಾತ್ರಿಯ ಮೊತ್ತವೇ ಕಡಿಮೆ ಬರುವುದುಂಟು. ನಾನು ತಾರೀಕು ಗೊತ್ತು ಮಾಡುವಾಗ ಎರಡನ್ನೂ ಹಾಕಿ ನೋಡುತ್ತೇನೆ. ಇದರ ಇನ್ನೊಂದು ಮುಖವೂ ಇದೆ: ಇಷ್ಟು ಉದ್ದದ ಬುಕಿಂಗ್ ರದ್ದು ಮಾಡುವ ನಿಯಮಗಳು ಬೇರೆ, ಸ್ವಲ್ಪ ಬಿಗಿ. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಡುವವರು ನಗರದಲ್ಲಿ ನೋಂದಾಯಿಸಿಕೊಂಡು, ಅತಿಥಿಗಳ ಜೊತೆ ತಾವೂ ಅದೇ ಮನೆಯಲ್ಲಿರಬೇಕು. ಮೂವತ್ತು ದಿನ ದಾಟಿದರೆ ಲೆಕ್ಕವೇ ಬೇರೆ. ಒಂದು ತಿಂಗಳು ಅನ್ನುವುದು ಬರೀ ನಮ್ಮ ರಜೆಯ ಅಳತೆ ಅಂದುಕೊಂಡಿರುತ್ತೇವೆ. ಕಾನೂನಿಗೂ ಅದು ಒಂದು ಗಡಿ.

ಚಿಯಾಂಗ್ ಮಾಯ್‌ನಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿದಾಗ ಬೀಗದ ಕೈ ಕೊಡುವ ಮುಂಚೆ ಆ ಕಟ್ಟಡದ ಮೇಲ್ವಿಚಾರಕಿ ನನ್ನನ್ನು ನೆಟ್ಟಗೆ ಕರೆದುಕೊಂಡು ಹೋದದ್ದು ಕಾರಿಡಾರಿನ ಕೊನೆಯಲ್ಲಿದ್ದ ಕರೆಂಟ್ ಮೀಟರ್ ಹತ್ತಿರ. ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿಸಿಕೊಂಡರು. ನೀರಿನ ಮೀಟರಿಗೂ ಹಾಗೇ. ಆಮೇಲೆ ಕೋಣೆ ತೋರಿಸಿದರು. ಥಾಯ್ಲೆಂಡ್‌ನ ತಿಂಗಳ ಬಾಡಿಗೆ ಕೋಣೆಗಳಲ್ಲಿ ಇದು ಸಾಮಾನ್ಯ ಪದ್ಧತಿ. ಬಾಡಿಗೆ ಬೇರೆ, ಕರೆಂಟ್ ಬೇರೆ. ಸರ್ಕಾರಿ ದರ ಯೂನಿಟ್ಟಿಗೆ 4 ಬಾತ್ ಆಸುಪಾಸು ಇದ್ದರೆ ಅನೇಕ ಕಟ್ಟಡಗಳಲ್ಲಿ 7 ಅಥವಾ 8 ಬಾತ್ ಹಿಡಿಯುತ್ತಾರೆ. ಎಸಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಅಂದುಕೊಳ್ಳಿ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಮೂವತ್ತು ದಿನಕ್ಕೆ 240 ಯೂನಿಟ್. 8 ಬಾತ್‌ನಂತೆ 1,920 ಬಾತ್. ಹೋಟೆಲಿನಲ್ಲಿ ನಾಲ್ಕು ದಿನ ಇದ್ದು ಬರುವವರಿಗೆ ಈ ಲೆಕ್ಕ ಗೊತ್ತೇ ಆಗುವುದಿಲ್ಲ. ತಿಂಗಳು ಇರುವವರು ಬಾಡಿಗೆ ಕೇಳುವ ಮೊದಲು ಯೂನಿಟ್ ದರ ಕೇಳಬೇಕು.

ಅದೇ ಊರಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೋಣೆಗಳು ಸುಲಭವಾಗಿ, ಕಡಿಮೆಗೆ ಸಿಗುತ್ತವೆ. ಕಾರಣ ಹೊಗೆ. ಸುತ್ತಲಿನ ಹೊಲಗಳ ಕೂಳೆ, ಕಾಡು ಎಲ್ಲ ಉರಿಯುವ ಕಾಲ ಅದು. ಬೆಟ್ಟದ ಮಧ್ಯದ ಬಟ್ಟಲಿನಂಥ ಜಾಗದಲ್ಲಿ ಊರು ಕೂತಿರುವುದರಿಂದ ಹೊಗೆ ಹೊರಗೆ ಹೋಗುವುದಿಲ್ಲ. ಕೆಲವು ದಿನ ಜಗತ್ತಿನಲ್ಲೇ ಅತಿ ಕೆಟ್ಟ ಗಾಳಿಯ ನಗರಗಳ ಸಾಲಿನಲ್ಲಿ ಚಿಯಾಂಗ್ ಮಾಯ್ ಮೊದಲಿಗೆ ಬರುತ್ತದೆ. ಆ ಅಗ್ಗದ ಬಾಡಿಗೆಯನ್ನು ನಮ್ಮ ಶ್ವಾಸಕೋಶ ಕಟ್ಟುತ್ತದೆ. ಬೆಲೆ ಇದ್ದಕ್ಕಿದ್ದಂತೆ ಇಳಿದಿದೆ ಅಂದರೆ ಯಾಕೆ ಇಳಿದಿದೆ ಎಂದು ಒಂದು ಸಲ ಹುಡುಕುವುದು ಒಳ್ಳೆಯದು, ಅಲ್ವಾ?

ಊಟದ ವಿಷಯಕ್ಕೆ ಬಂದರೆ, ಬೆಲೆ ತಗ್ಗಿಸುವುದು ಅಡುಗೆಮನೆ ಒಂದೇ ಅಲ್ಲ, ಗಂಟೆಯೂ ಹೌದು. ಸ್ಪೇನ್‌ನಲ್ಲಿ ಕೆಲಸದ ದಿನಗಳ ಮಧ್ಯಾಹ್ನ 'ಮೆನು ದೆಲ್ ದಿಯಾ' ಅಂತ ಸಿಗುತ್ತದೆ. ಮೊದಲೊಂದು ತಟ್ಟೆ, ಆಮೇಲೆ ಇನ್ನೊಂದು, ಜೊತೆಗೆ ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ಎಲ್ಲ ಸೇರಿ ಒಂದೇ ಬೆಲೆ. ಇದು ಶುರುವಾದ ಕಥೆ ನನಗೆ ತುಂಬ ಇಷ್ಟ. 1960ರ ದಶಕದಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಹೊರಗಿನಿಂದ ಬರುವ ಪ್ರವಾಸಿಗರಿಗಾಗಿ ಹೋಟೆಲುಗಳು ಒಂದು ನಿಗದಿ ಬೆಲೆಯ ಊಟ ಕೊಡಲೇಬೇಕು ಎಂದು ನಿಯಮ ಮಾಡಿತು. ಪ್ರವಾಸಿಗರಿಗೆಂದು ಬಂದ ಆ ಊಟ ಕಾಲ ಕಳೆದಂತೆ ಕಟ್ಟಡ ಕೆಲಸದವರ, ಬ್ಯಾಂಕ್ ನೌಕರರ, ಅಂಗಡಿಯವರ ಮಧ್ಯಾಹ್ನದ ಊಟವಾಯಿತು. ಇವತ್ತು ಪ್ರವಾಸಿಗರೇ ಅದನ್ನು ಬಿಟ್ಟು ರಾತ್ರಿ ಪಟ್ಟಿ ನೋಡಿ ಒಂದೊಂದಾಗಿ ತರಿಸಿ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಾರೆ. ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡರೆ ಸಾಕು, ಅಡುಗೆಮನೆ ಒಳಗೆ ಕಾಲಿಡದೆಯೇ ಖರ್ಚು ಇಳಿಯುತ್ತದೆ.

ಜಪಾನಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸಂಜೆಯಾಗುತ್ತಿದ್ದಂತೆ ಸಮವಸ್ತ್ರದ ನೌಕರರೊಬ್ಬರು ಕೈಯಲ್ಲಿ ಸ್ಟಿಕ್ಕರ್ ಹಿಡಿದು ಸಿದ್ಧ ಊಟದ ಬೆಂಟೋ ಡಬ್ಬಿಗಳ ಕಪಾಟಿನ ಹತ್ತಿರ ಬರುತ್ತಾರೆ. ಮೊದಲು ನೂರಕ್ಕೆ ಇಪ್ಪತ್ತೋ ಮೂವತ್ತೋ ಕಡಿತದ ಸ್ಟಿಕ್ಕರ್. ಮುಚ್ಚುವ ಹೊತ್ತು ಹತ್ತಿರವಾದಂತೆ ಅರ್ಧ ಬೆಲೆಯದ್ದು. ಆಫೀಸು ಮುಗಿಸಿ ಬಂದವರು, ವಯಸ್ಸಾದವರು, ವಿದ್ಯಾರ್ಥಿಗಳು ಸುಮ್ನೆ ಆಚೀಚೆ ಓಡಾಡುತ್ತ ಕಾಯುತ್ತಿರುತ್ತಾರೆ. ಯಾರೂ ನುಗ್ಗುವುದಿಲ್ಲ. ಸ್ಟಿಕ್ಕರ್ ಅಂಟಿಸಿ ಆ ನೌಕರರು ಪಕ್ಕಕ್ಕೆ ಸರಿದ ಮೇಲೆ ಮೆಲ್ಲಗೆ ಕೈ ಚಾಚುತ್ತಾರೆ. ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ಸ್ಟಿಕ್ಕರ್ ಬೀಳುತ್ತದೆ ಅನ್ನುವುದು ಯಾವ ಗೈಡ್ ಪುಸ್ತಕದಲ್ಲೂ ಇರುವುದಿಲ್ಲ. ಅದೇ ಬೀದಿಯಲ್ಲಿ ಒಂದು ವಾರ ಓಡಾಡಿದರೆ ತಾನಾಗಿಯೇ ಗೊತ್ತಾಗುತ್ತದೆ. ಎಂಟನೇ ರಾತ್ರಿಯ ಲೆಕ್ಕ ಅಂದರೆ ನನಗೆ ಇದೇ.

ಒಂದು ದೇಶದೊಳಗೇ ಕೆಲವು ವಸ್ತು ಅಗ್ಗ, ಕೆಲವು ದುಬಾರಿ ಇರುವುದಕ್ಕೂ ಕಾರಣ ಇದೆ. ಕೂಲಿ ಕಡಿಮೆ ಇರುವ ದೇಶದಲ್ಲಿ ಮನುಷ್ಯರ ಕೈಕೆಲಸ ಬೇಕಾದದ್ದೆಲ್ಲ ಅಗ್ಗ: ಕ್ಷೌರ, ಬಟ್ಟೆ ಒಗೆಯುವುದು, ಬೀದಿ ಬದಿಯ ಊಟ. ಹಡಗಿನಲ್ಲಿ ಬಂದ ವಸ್ತುಗಳ ಬೆಲೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಆಮದು ಸುಂಕ ಇದ್ದರೆ ಇನ್ನೂ ಜಾಸ್ತಿ. ಸನ್‌ಸ್ಕ್ರೀನ್, ಚೀಸ್, ಫೋನಿನ ಚಾರ್ಜರ್, ವೈನ್ ಇವೆಲ್ಲ ಆಗ್ನೇಯ ಏಷ್ಯಾದಲ್ಲಿ ಅಗ್ಗವೇನಲ್ಲ. ಹಾಗಾಗಿ ತಿಂಗಳ ಖರ್ಚು ನಾವು ಎಲ್ಲಿದ್ದೇವೆ ಅನ್ನುವುದಕ್ಕಿಂತ, ಅಲ್ಲಿದ್ದುಕೊಂಡು ಎಲ್ಲಿಯ ರುಚಿ ಹುಡುಕುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಮನೆಯ ರುಚಿ ನೆನಪಾಗುವುದು ಸಹಜ. ಮೂರನೇ ವಾರ ಎಲ್ಲರಿಗೂ ಆಗುತ್ತದೆ. ಅದಕ್ಕೂ ಸ್ವಲ್ಪ ದುಡ್ಡು ಎತ್ತಿಡಿ, ಅಷ್ಟೇ.

ಇನ್ನು ದುಡ್ಡು ತೆಗೆಯುವುದಕ್ಕೇ ಆಗುವ ಖರ್ಚು. ಥಾಯ್ಲೆಂಡ್‌ನ ಎಟಿಎಂಗಳಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲ ಒಂದು ಸ್ಥಿರ ಶುಲ್ಕ. ಬಹಳ ಕಾಲ ಅದು 220 ಬಾತ್ ಇತ್ತು. ಎಷ್ಟು ತೆಗೆದರೂ ಅಷ್ಟೇ. 2,000 ಬಾತ್ ತೆಗೆದರೆ ಶುಲ್ಕವೇ ನೂರಕ್ಕೆ 11. 20,000 ತೆಗೆದರೆ ನೂರಕ್ಕೆ 1 ಚಿಲ್ಲರೆ. ಜೇಬಿನಲ್ಲಿ ಜಾಸ್ತಿ ಹಣ ಇಟ್ಟುಕೊಳ್ಳಲು ಭಯ ಎಂದು ಸ್ವಲ್ಪ ಸ್ವಲ್ಪವೇ ತೆಗೆಯುವವರು ಆ ಭಯಕ್ಕೆ ಇಷ್ಟು ಬೆಲೆ ಕೊಡುತ್ತಾರೆ.

ಇದಕ್ಕಿಂತ ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಎಟಿಎಂ ಪರದೆಯ ಮೇಲೆ, ಅಂಗಡಿಯ ಕಾರ್ಡ್ ಯಂತ್ರದ ಮೇಲೆ ಒಂದು ಪ್ರಶ್ನೆ ಬರುತ್ತದೆ: ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ, ಇಲ್ಲಿಯ ಹಣದಲ್ಲಿ ಕಟ್ಟುತ್ತೀರಾ? ನಮ್ಮ ಹಣದ ಆಯ್ಕೆ ದೊಡ್ಡದಾಗಿ, ಹಸಿರು ಗುಂಡಿಯಾಗಿ, ಮೊತ್ತ ಸಮೇತ ಕಾಣುತ್ತದೆ. ಇನ್ನೊಂದು ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಪರಿಚಯದ ಹಣ ಕಂಡು ಹಾಯೆನಿಸಿ ನಾವು ಹಸಿರು ಒತ್ತುತ್ತೇವೆ. ಆಗ ವಿನಿಮಯ ದರ ನಿರ್ಧರಿಸುವುದು ನಮ್ಮ ಕಾರ್ಡ್ ಕಂಪನಿಯಲ್ಲ, ಆ ಯಂತ್ರ ನಡೆಸುವವರು. ನೂರಕ್ಕೆ ನಾಲ್ಕೈದು, ಕೆಲವು ಕಡೆ ಹತ್ತರ ಹತ್ತಿರ ಅವರಿಗೆ ಹೋಗುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಎಟಿಎಂ "ಪರಿವರ್ತನೆ ಬೇಡವೇ?" ಎಂದು ಮತ್ತೆ ಕೇಳಿದರೂ ಬೇಡ ಅನ್ನಿ, ಹಣ ಬಂದೇ ಬರುತ್ತದೆ. ವಾರದ ಪ್ರವಾಸದಲ್ಲಿ ಇದು ಒಂದು ಊಟದ ದುಡ್ಡು. ತಿಂಗಳಿಗೆ ಒಂದು ರೈಲು ಪ್ರಯಾಣದ ದುಡ್ಡು.

ವಿನಿಮಯ ದರ ಅನ್ನುವುದು ಇಡೀ ದೇಶದ ಬೆಲೆಯನ್ನೇ ನಮ್ಮ ಪಾಲಿಗೆ ಬದಲಾಯಿಸಿಬಿಡುತ್ತದೆ. 2012ರ ಶುರುವಿನಲ್ಲಿ ಒಂದು ಡಾಲರಿಗೆ 80 ಯೆನ್ ಕೂಡ ಬರುತ್ತಿರಲಿಲ್ಲ. 2024ರ ಜುಲೈ ಶುರುವಿನಲ್ಲಿ 160ರ ಮೇಲಿತ್ತು. ಜಪಾನ್ ದುಬಾರಿ ಎಂದು ನಾವು ಕೇಳಿಕೊಂಡು ಬಂದ ಮಾತು ಡಾಲರ್ ಲೆಕ್ಕದಲ್ಲಿ ಅರ್ಧಕ್ಕರ್ಧ ಸುಳ್ಳಾಯಿತು. ಅರ್ಜೆಂಟೀನಾದಲ್ಲಿ ಇದು ಉಲ್ಟಾ. 2023ರಲ್ಲಿ ಡಾಲರ್ ನೋಟು ತೆಗೆದುಕೊಂಡು ಹೋದವರಿಗೆ ಬೀದಿಯಲ್ಲಿ ಸರ್ಕಾರಿ ದರದ ಎರಡು ಪಟ್ಟಿಗಿಂತ ಜಾಸ್ತಿ ಪೆಸೊ ಸಿಗುತ್ತಿತ್ತು. ಬ್ಯೂನಸ್ ಐರಿಸ್‌ನಲ್ಲಿ ರಾಜರಂತೆ ಬದುಕಬಹುದು ಎಂದು ಎಲ್ಲರೂ ಬರೆದರು. ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಅಧಿಕೃತ ದರವನ್ನು ಡಾಲರಿಗೆ ಸುಮಾರು 366ರಿಂದ ಒಂದೇ ಏಟಿಗೆ 800ಕ್ಕೆ ಒಯ್ಯಿತು. ಮುಂದಿನ ವರ್ಷ ಪೆಸೊ ಬೆಲೆಗಳು ಏರುತ್ತಲೇ ಹೋದವು, ಡಾಲರ್ ಅಷ್ಟು ಏರಲಿಲ್ಲ. ಅಗ್ಗದ ಊರು ಎಂದು ನಂಬಿ ಹೋದವರಿಗೆ ಕಾಫಿಯ ಬಿಲ್ಲು ನೋಡಿ ದಂಗಾಯಿತು. ಅಲ್ಲಿಯ ಜನರ ಪಾಡು ಇದಕ್ಕಿಂತ ಕಷ್ಟದ್ದು. 2023ರಲ್ಲಿ ಅಲ್ಲಿಯ ಹಣದುಬ್ಬರ ನೂರಕ್ಕೆ 211. ನಮಗೆ ಅಗ್ಗವಾಗಿದ್ದ ಆ ಊಟ ಅದನ್ನು ಬಡಿಸಿದವರಿಗೆ ಪ್ರತಿ ತಿಂಗಳೂ ಕೈಗೆಟುಕದೆ ದೂರ ಸರಿಯುತ್ತಿತ್ತು. ಯಾರೋ ಬರೆದ ಖರ್ಚಿನ ವಿವರ ಓದುವಾಗ ನಾನು ಮೊದಲು ನೋಡುವುದು ಬರೆದ ತಿಂಗಳು, ವರ್ಷ.

ವೀಸಾ, ವಿಮೆ ಇವು ದಿನಕ್ಕೆ ಹಂಚಿಹೋಗುವ ಖರ್ಚು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾದ ಅರ್ಜಿಗೆ 2024ರ ಜೂನ್‌ನಿಂದ 90 ಯೂರೋ, ತಿರಸ್ಕರಿಸಿದರೂ ವಾಪಸ್ ಇಲ್ಲ. ಜೊತೆಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು. ವಿಯೆಟ್ನಾಂನ ಇ-ವೀಸಾ 2023ರ ಆಗಸ್ಟ್‌ನಿಂದ 90 ದಿನಕ್ಕೂ ಸಿಗುತ್ತದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ವಾರ ಇದ್ದರೂ ಅಷ್ಟೇ, ತಿಂಗಳಿದ್ದರೂ ಅಷ್ಟೇ. ಇದಕ್ಕೆ ಪೂರ್ತಿ ಉಲ್ಟಾ ಭೂತಾನ್. ಅಲ್ಲಿ ಬಹುತೇಕ ದೇಶಗಳಿಂದ ಬರುವವರು ರಾತ್ರಿಗೆ 100 ಡಾಲರ್ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಮೂವತ್ತು ರಾತ್ರಿಗೆ ಅದೇ 3,000 ಡಾಲರ್. ಅಲ್ಲಿ ಎಂಟನೇ ರಾತ್ರಿಯ ರಿಯಾಯಿತಿ ಇಲ್ಲ. ಕಡಿಮೆ ಜನ ಬರಲಿ ಎಂದು ಅವರು ಬೇಕೆಂದೇ ಮಾಡಿದ್ದು, ಅದು ಅವರ ಹಕ್ಕು. ವಿಮೆಯ ಬಗ್ಗೆ ಒಂದೇ ಮಾತು: ಬಾಡಿಗೆ ಬೈಕ್ ಓಡಿಸುವ ಯೋಚನೆ ಇದ್ದರೆ ಆ ದೇಶ ಒಪ್ಪುವ ಪರವಾನಗಿ ನಿಮ್ಮ ಹತ್ತಿರ ಇದೆಯಾ ನೋಡಿ. ವಿಯೆಟ್ನಾಂ 1968ರ ರಸ್ತೆ ಸಂಚಾರ ಒಪ್ಪಂದದ ಅಂತರರಾಷ್ಟ್ರೀಯ ಪರವಾನಗಿ ಒಪ್ಪುತ್ತದೆ, 1949ರದ್ದನ್ನು ಒಪ್ಪುವುದಿಲ್ಲ. ಒಪ್ಪದ ಪರವಾನಗಿ ಇಟ್ಟುಕೊಂಡು ಬಿದ್ದರೆ ಆಸ್ಪತ್ರೆಯ ಖರ್ಚು ಪೂರ್ತಿ ನಮ್ಮ ತಲೆಗೇ ಬರಬಹುದು.

ಬಸ್ ಪಾಸಿನಲ್ಲೂ ಒಂದು ಸೂಕ್ಷ್ಮ ಇದೆ. ಜರ್ಮನಿಯ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರಲ್ಲಿ 63. ಇಡೀ ದೇಶದ ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲ ಸೇರುತ್ತದೆ, ವೇಗದ ದೂರದ ರೈಲು ಸೇರುವುದಿಲ್ಲ. ಹೊರಗಿನವರೂ ಕೊಳ್ಳಬಹುದು. ಆದರೆ ಅದು ಕ್ಯಾಲೆಂಡರ್ ತಿಂಗಳಿಗೆ ಮಾತ್ರ. ಹದಿನೈದನೇ ತಾರೀಕು ಇಳಿದು ಮುಂದಿನ ಹದಿನೈದಕ್ಕೆ ಹೊರಡುವವರಿಗೆ ಎರಡು ಟಿಕೆಟ್ ಬೇಕು. ಒಂದನೇ ತಾರೀಕು ಇಳಿದರೆ ಒಂದೇ ಸಾಕು. ಚಂದಾ ಲೆಕ್ಕದ್ದಾದ್ದರಿಂದ ಆ ತಿಂಗಳ ಹತ್ತನೇ ತಾರೀಕಿನೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ಎಸ್ಟೋನಿಯಾದ ಟಾಲಿನ್‌ನಲ್ಲಿ 2013ರಿಂದ ಬಸ್ಸು ಉಚಿತ, ಆದರೆ ಅಲ್ಲಿ ನೋಂದಾಯಿಸಿಕೊಂಡ ನಿವಾಸಿಗಳಿಗೆ ಮಾತ್ರ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಎಲ್ಲರಿಗೂ ಉಚಿತ, ಇವತ್ತು ಬೆಳಗ್ಗೆ ಇಳಿದವರಿಗೂ.

ಯಾವ ಪಟ್ಟಿಯಲ್ಲೂ ಬರದ ಒಂದು ಖರ್ಚು, ಬಿಟ್ಟು ಬಂದ ಮನೆಯದ್ದು. ಅಲ್ಲಿ ಬಾಡಿಗೆ ಓಡುತ್ತಲೇ ಇರುತ್ತದೆ, ಕಂತು ಕಟ್ಟಲೇಬೇಕು, ಇಂಟರ್ನೆಟ್ ಬಿಲ್ಲು ಬರುತ್ತಲೇ ಇರುತ್ತದೆ. ತಿಂಗಳ ಸಂಬಳ ಇಲ್ಲದೆ ಸ್ವಂತ ಕೆಲಸ ಮಾಡುವವರಿಗೆ ಆ ತಿಂಗಳು ಬಾರದ ಆದಾಯವೂ ಖರ್ಚೇ. ಈ ಸಾಲು ಬರೆಯದೆ "ಅಲ್ಲಿ ಇಷ್ಟರಲ್ಲೇ ಬದುಕಬಹುದು" ಅನ್ನುವ ಲೆಕ್ಕಗಳನ್ನು ನಾನು ನಂಬುವುದಿಲ್ಲ.

ಇನ್ನೊಂದು ಸಾಲು ನಮ್ಮ ಪುಸ್ತಕದಲ್ಲಿ ಬರುವುದೇ ಇಲ್ಲ, ಯಾಕೆಂದರೆ ಅದನ್ನು ಕಟ್ಟುವವರು ಬೇರೆಯವರು. ನಾವು ತಿಂಗಳಿಗೆ ಹಿಡಿದ ಮನೆ ಒಂದು ಕಾಲಕ್ಕೆ ಯಾರೋ ವರ್ಷಗಟ್ಟಲೆ ಇದ್ದ ಮನೆಯಾಗಿರಬಹುದು. ಊರಿನವರು ಕೊಡಬಲ್ಲ ಬಾಡಿಗೆಗಿಂತ ನಾವು ಕೊಡುವುದು ಜಾಸ್ತಿ. ಮಾಲೀಕರು ಯಾರನ್ನು ಆರಿಸುತ್ತಾರೆ ಅನ್ನುವುದು ಗೊತ್ತೇ ಇದೆ. ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಒಂದು ತೀರ್ಮಾನ ಪ್ರಕಟಿಸಿದರು: ನಗರದಲ್ಲಿ ಪ್ರವಾಸಿಗರಿಗೆ ಬಾಡಿಗೆಗಿರುವ 10,101 ಮನೆಗಳ ಪರವಾನಗಿ 2028ರ ನವೆಂಬರ್‌ನೊಳಗೆ ಮುಗಿಯುತ್ತದೆ, ಮತ್ತೆ ಕೊಡುವುದಿಲ್ಲ. ಮುಂದಿನ ತಿಂಗಳು ಅಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೆಲವರು ಹೋಟೆಲಿನ ಹೊರಗೆ ಕೂತಿದ್ದ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಹಾರಿಸಿದ ಚಿತ್ರಗಳು ಎಲ್ಲ ಕಡೆ ಬಂದವು. ಆ ಜನರ ಮೇಲೆ ನನಗೆ ಕೋಪ ಬರಲಿಲ್ಲ. ಹುಟ್ಟಿ ಬೆಳೆದ ಬೀದಿಯಲ್ಲೇ ಮನೆ ಸಿಗದಿದ್ದರೆ ನಾನೂ ಬೀದಿಗಿಳಿಯುತ್ತಿದ್ದೆ.

ಹಾಗೆಂದು ಹೋಗುವುದೇ ಬೇಡ ಅನ್ನುವವಳಲ್ಲ ನಾನು. ಮಾಲೀಕರೇ ಪಕ್ಕದಲ್ಲಿ ಇದ್ದುಕೊಂಡು ಒಂದು ಕೋಣೆ ಕೊಡುವ ಮನೆ, ವಿದ್ಯಾರ್ಥಿಗಳು ರಜೆಗೆ ಹೋದಾಗ ಖಾಲಿಯಾಗುವ ಹಾಸ್ಟೆಲ್, ತಿಂಗಳ ಲೆಕ್ಕದಲ್ಲಿ ಕೊಡಲೆಂದೇ ಕಟ್ಟಿದ ಕಟ್ಟಡಗಳು, ಇವನ್ನು ನಾನು ಮೊದಲು ಹುಡುಕುತ್ತೇನೆ. ಇಡೀ ಮನೆಯೇ ಬೇಕಾದರೆ ನೋಂದಣಿ ಸಂಖ್ಯೆ ನೋಡುತ್ತೇನೆ. ಸ್ಪೇನ್‌ನಲ್ಲಿ ಅಲ್ಪಾವಧಿ ಬಾಡಿಗೆ ಮನೆಗಳನ್ನು ಬುಕಿಂಗ್ ತಾಣಗಳಲ್ಲಿ ಹಾಕಬೇಕಾದರೆ ನೋಂದಣಿ ಸಂಖ್ಯೆ ಇರಲೇಬೇಕು ಎಂಬ ನಿಯಮ 2025ರ ಜುಲೈ 1ರಿಂದ ಜಾರಿಗೆ ಬಂತು. ಲಿಸ್ಬನ್‌ನಲ್ಲಿ ಬಾಗಿಲ ಹತ್ತಿರ ನೋಂದಾಯಿತ ಪ್ರವಾಸಿ ವಸತಿ ಎಂದು ತಿಳಿಸುವ 'ಎಎಲ್' ಎಂಬ ಎರಡು ಅಕ್ಷರದ ಫಲಕ ಇರುತ್ತದೆ, ಸಂಖ್ಯೆ ಜಾಹೀರಾತಿನಲ್ಲೇ ಸಿಗುತ್ತದೆ. ಆ ಸಂಖ್ಯೆ ಇಲ್ಲದ ಮನೆ ತಿಂಗಳಿಗೆ ನೂರಿನ್ನೂರು ಯೂರೋ ಕಡಿಮೆ ಇದ್ದರೂ ನಾನು ಹಿಡಿಯುವುದಿಲ್ಲ.